ಪರದೆಯ ಮೇಲೆ ಬಾರದ ಯುದ್ಧ

ಎರಡನೆಯ ಮಹಾಯುದ್ಧವು ಮುಗಿದು 80 ವರ್ಷಗಳು ಸಂದಿವೆ. ಆ ಕಾಲದಲ್ಲಿ ಯುರೋಪಿನಲ್ಲಿ ತೆಗೆದ ಚಲಚ್ಚಿತ್ರಗಳು ಇಂದು ಬನಹಟ್ಟಿಯ ಮಗ್ಗದ ಕೆಲಸಗಾರನ ಫೋನಿಗೂ ಬಂದು ಮುಟ್ಟಿವೆ. ಪಾಳಿ ಮುಗಿಸಿ ಚಹದಂಗಡಿಯ ಮುಂದೆ ಕುಳಿತ ತರುಣರು ಬಾಂಬಿಗೆ ಉರಿಯುವ ಲಂಡನ್ನನ್ನು ನೋಡುತ್ತಾರೆ. ಸಾಲುಗಟ್ಟಿ ನಡೆಯುವ ಸೈನಿಕರನ್ನೂ ಗಂಟುಮೂಟೆ ಹೊತ್ತು ಊರು ಬಿಡುವ ತಾಯಂದಿರನ್ನೂ ನೋಡುತ್ತಾರೆ. ನೋಡುವುದು ತಪ್ಪಲ್ಲ. ಆದರೆ ಒಂದು ಮಾತನ್ನು ಕೇಳದೆ ನೋಡಬಾರದೆಂಬುದು ನಮ್ಮ ಅಭಿಪ್ರಾಯ. ಕ್ಯಾಮರಾ ಯಾರ ಕೈಯಲ್ಲಿತ್ತು?

1942ರ ಮೇ ತಿಂಗಳಲ್ಲಿ ಹಿಟ್ಲರನ ಕಡೆಯ ಚಿತ್ರಗಾರರು ಪೋಲೆಂಡಿನ ವಾರ್ಸಾದಲ್ಲಿ, ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯೊಳಗೆ ಹೊಕ್ಕರು. ಒಳ್ಳೆಯ ಬಟ್ಟೆ ತೊಟ್ಟವರನ್ನು ಹೋಟೆಲಿನಲ್ಲಿ ಕೂಡ್ರಿಸಿದರು. ಉಪವಾಸ ಬಿದ್ದವರ ಮಗ್ಗುಲಲ್ಲಿಯೇ ಅವರು ಕಣ್ಣೆತ್ತಿ ನೋಡದೆ ಹೋಗುವಂತೆ ನಡೆಸಿದರು. ಉಳ್ಳ ಯಹೂದಿಗೆ ತನ್ನ ಬಡವನ ಮೇಲೆಯೇ ಕನಿಕರವಿಲ್ಲವೆಂದು ತೋರಿಸುವ ಹಂಚಿಕೆ ಅದು. ಯುದ್ಧದ ತರುವಾಯ ಆ ಸುರುಳಿಗಳು ಪೂರ್ವ ಜರ್ಮನಿಯ ಸಂಗ್ರಹದಲ್ಲಿ ದೊರೆತವು. ಅನೇಕ ವರ್ಷ ಜನರು ಅವನ್ನು ನಡೆದ ಸಂಗತಿಯೆಂದೇ ನಂಬಿದರು. 1998ರಲ್ಲಿ ಉಳಿದ ತುಣುಕುಗಳು ಸಿಕ್ಕ ಮೇಲೆ, ಒಂದೇ ನೋಟವನ್ನು ಮರಳಿ ಮರಳಿ ಆಡಿಸಿ ತೆಗೆದದ್ದು ಬಯಲಾಯಿತು. ಹಸಿವು ನಿಜ, ಸಾವು ನಿಜ. ಕಟ್ಟಿದ ಕಥೆ ಮಾತ್ರ ಸುಳ್ಳು.

ಹಾಗೆಂದು ಚಿತ್ರವೆಲ್ಲ ಸುಳ್ಳೆನ್ನಲಾಗದು. ಸೆರೆಶಿಬಿರಗಳಲ್ಲಿ ತೆಗೆದ ಚಿತ್ರಗಳನ್ನು 1945ರ ನವೆಂಬರ್ 29ರಂದು ನ್ಯೂರೆಂಬರ್ಗ್ ನ್ಯಾಯಾಲಯದಲ್ಲಿ ತೋರಿಸಿದಾಗ ಕೊಲೆಗಡುಕರ ವಿರುದ್ಧ ಅವೇ ಸಾಕ್ಷಿ ನುಡಿದವು. ಒಂದೇ ಯಂತ್ರ ಒಬ್ಬರ ಕೈಯಲ್ಲಿ ಮೋಸಕ್ಕೂ ಇನ್ನೊಬ್ಬರ ಕೈಯಲ್ಲಿ ನ್ಯಾಯಕ್ಕೂ ದುಡಿಯಿತು.

ಇನ್ನು ನಮ್ಮ ಕಡೆಗೆ ಬರೋಣ. ಇಲ್ಲಿ ಆ ಯಂತ್ರ ಬ್ರಿಟಿಷ್ ಸರಕಾರದ ಕೈಯಲ್ಲಿತ್ತು. 1943ರಲ್ಲಿ ಅದು ಭಾರತ ರಕ್ಷಣಾ ನಿಯಮಗಳ ಬಲದಿಂದ, ಸರಕಾರ ಒಪ್ಪಿದ 2000 ಅಡಿ ಚಿತ್ರವನ್ನು ಪ್ರತಿ ಆಟದಲ್ಲಿಯೂ ತೋರಿಸಲೇಬೇಕೆಂದು ಬ್ರಿಟಿಷ್ ಇಂಡಿಯಾದ ಚಿತ್ರಮಂದಿರಗಳಿಗೆ ವಿಧಿಸಿತು. ಅದಕ್ಕೆ ಬಾಡಿಗೆಯನ್ನೂ ಚಿತ್ರಮಂದಿರದವನೇ ತೆರಬೇಕು! ಸುಮಾರು ಇಪ್ಪತ್ತು ನಿಮಿಷ ಜನರು ದೊರೆಗಳ ಯುದ್ಧವನ್ನು ದೊರೆಗಳ ಕಣ್ಣಿನಿಂದ ನೋಡಿ, ಬಳಿಕ ತಮ್ಮ ಆಟವನ್ನು ನೋಡಬೇಕಾಗಿತ್ತು.

ಅದೇ ಹೊತ್ತಿಗೆ ಪರದೆಯ ಹೊರಗೆ ಏನು ನಡೆದಿತ್ತು? 1942-43ರಲ್ಲಿ ಬಿಜಾಪುರ ಜಿಲ್ಲೆಗೆ ಬರ ಬಡಿದಿತ್ತು. ಬೀಳಗಿ ಅಂದು ಆ ಜಿಲ್ಲೆಗೇ ಸೇರಿತ್ತು. 1943ರಲ್ಲಿ ಬಂಗಾಲದ ಕ್ಷಾಮ ಸುಮಾರು 30 ಲಕ್ಷ ಜನರನ್ನು ನುಂಗಿತು. ಗಿರಣಿಗಳ ಬಟ್ಟೆ ದಂಡಿಗೆ ಹೋಯಿತು. ಅರಿವೆಯ ಬೆಲೆ ಏರಿತು. ಗಿರಣಿ ಮಾಲೀಕರ ಲಾಭ ಉಬ್ಬಿತು. ಅದೇ ವರ್ಷ ಬಟ್ಟೆ ಮತ್ತು ನೂಲಿನ ನಿಯಂತ್ರಣ ಬಂತು, ಅದರ ಬೆನ್ನಿಗೆ ಕಾಳಸಂತೆಯೂ ಬೆಳೆಯಿತು. ಜಮಖಂಡಿ, ಮುಧೋಳಗಳು ಆಗ ಬೇರೆ ಬೇರೆ ಸಂಸ್ಥಾನಗಳು. ದೊರೆಗಳು ಬೇರೆಯಾದರೇನು, ತುಟ್ಟಿಗೆ ಸೀಮೆಯ ಕಲ್ಲು ಇರಲಿಲ್ಲ. ಗಿರಣಿಯ ನೂಲನ್ನೇ ನಂಬಿದ ಕೈಮಗ್ಗದವನಿಗೆ ನೂಲಿಲ್ಲದ ದಿನ ಕೂಳಿಲ್ಲದ ದಿನ. ಇದೂ ಯುದ್ಧವೇ. ಆದರೆ 2000 ಅಡಿಯ ಕಾನೂನು ಹುಟ್ಟಿದ್ದು ಈ ಯುದ್ಧವನ್ನು ತೋರಿಸುವುದಕ್ಕಲ್ಲ.

ಯುರೋಪಿನ ಚಿತ್ರಗಳಲ್ಲಿ ನಮ್ಮವರು ಇಲ್ಲವೆಂದೇನೂ ಅಲ್ಲ. ಇಟಲಿಯಲ್ಲಿ ಸುಮಾರು 50,000 ಭಾರತೀಯ ಸೈನಿಕರು ಹೋರಾಡಿದರು; 5,000ಕ್ಕೂ ಹೆಚ್ಚು ಜನ ಅಲ್ಲಿಯೇ ಮಡಿದರು. ನಮ್ಮ ನೆರೆಯ ಬೆಳಗಾವಿಯನ್ನು ನೆಲೆಯಾಗಿ ಹೊಂದಿದ ಮರಾಠಾ ದಳದವರೂ ಅವರಲ್ಲಿದ್ದರು. 1944ರ ಜುಲೈ 10ರಂದು ಟೈಬರ್ ಕಣಿವೆಯಲ್ಲಿ ಬಿದ್ದ ಯಶವಂತ ಘಾಡಗೆ, 1945ರ ಏಪ್ರಿಲ್ 9ರಂದು ಸೆನಿಯೊ ನದಿಯ ದಂಡೆಯಲ್ಲಿ ಗಾಯಗೊಂಡವರನ್ನು ಹೊತ್ತು ತಂದ ನಾಮದೇವ ಜಾಧವ, ಇವರಿಬ್ಬರಿಗೂ ವಿಕ್ಟೋರಿಯಾ ಕ್ರಾಸ್ ದೊರೆಯಿತು, ಹೆಸರು ಉಳಿಯಿತು. ಮಿಕ್ಕವರು? ಚಿತ್ರದಲ್ಲಿ ಹೇಸರಗತ್ತೆಯನ್ನು ಹಿಡಿದು ಗುಡ್ಡವೇರುವ ಸಿಪಾಯಿ ಬರಿಯ 'ಭಾರತೀಯ ಸೈನಿಕ'. ಅವನಿಗೆ ಊರಿಲ್ಲ, ತಾಯಿಯಿಲ್ಲ. ತನಗೇ ಸ್ವಾತಂತ್ರ್ಯವಿಲ್ಲದವನು ಇಟಲಿಯ ಸ್ವಾತಂತ್ರ್ಯಕ್ಕಾಗಿ ಏಕೆ ಪ್ರಾಣ ಕೊಟ್ಟನೆಂದು ಯಾವ ಧ್ವನಿಯೂ ಹೇಳುವುದಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಅದೇ ಸರಕಾರದ ಗುಂಡಿಗೆ ಮೈಲಾರ ಮಹಾದೇವ ಬಲಿಯಾದುದನ್ನು ಕನ್ನಡಿಗರು ಮರೆತಿಲ್ಲ.

ನಮ್ಮ ಬೇಡಿಕೆ ಸರಳವಾದುದು. ಭಾರತೀಯ ಸೈನಿಕರಿರುವ ಯುದ್ಧಕಾಲದ ಚಿತ್ರಗಳು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಜಿಯಮ್ಮಿನಲ್ಲಿವೆ. ಕೇಂದ್ರ ಸರಕಾರವು ಅವುಗಳ ಪ್ರತಿಗಳನ್ನು ತರಿಸಲಿ. ಕನ್ನಡದ ವಿವರಣೆಯೊಡನೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಪುಕ್ಕಟೆಯಾಗಿ ತೋರಿಸಲಿ. ಆ ವಿವರಣೆಯಲ್ಲಿ ದಂಡಿನ ಜೊತೆಗೆ ಬರವೂ ಬರಲಿ, ನೂಲಿನ ಅಭಾವವೂ ಬರಲಿ.

ಸರಕಾರದ ದಾರಿಯನ್ನೇ ಕಾಯುತ್ತ ಕೂಡ್ರುವಂತಿಲ್ಲ. ಆ ಕಾಲವನ್ನು ಕಂಡವರು ಇಂದು ತೊಂಬತ್ತರ ಅಂಚಿನಲ್ಲಿದ್ದಾರೆ. ಕಾರ್ಮಿಕ ತರುಣರೇ, ಯುರೋಪಿನ ಮುದುಕಿಯ ಕಣ್ಣೀರನ್ನು ತೋರಿಸಿದ ಅದೇ ಫೋನನ್ನು ನಿಮ್ಮ ಓಣಿಯ ಅಜ್ಜಿಯ ಮುಂದೆ ಹಿಡಿಯಿರಿ. ಆ ವರ್ಷ ಒಲೆಯ ಮೇಲೆ ಏನಿತ್ತೆಂದು ಕೇಳಿರಿ. ಅಂಗಡಿಕಾರ ಬಂಧುಗಳೇ, ಅಟ್ಟದ ಮೇಲೆ ಅಜ್ಜನ ಕಾಲದ ಕೀರ್ದಿ-ಖಾತೆಗಳಿದ್ದರೆ ರದ್ದಿಗೆ ಹಾಕಬೇಡಿರಿ. ಜೋಳದ ದರ, ಅರಿವೆಯ ದರ, ಉದ್ರಿ ಕೊಂಡವರ ಹೆಸರು, ಎಲ್ಲವೂ ಅದರಲ್ಲಿವೆ. ಮನೆಯಲ್ಲಿ ದಂಡಿನ ಕಾಗದವೊಂದಿದ್ದರೆ ಅದನ್ನೂ ಜೋಪಾನ ಮಾಡಿರಿ. ಇವುಗಳ ಪ್ರತಿಗಳು ಊರಿನ ವಾಚನಾಲಯವನ್ನು ಸೇರಲಿ.

ಕ್ಯಾಮರಾ ಅಂದು ದೊರೆಗಳ ಕೈಯಲ್ಲಿತ್ತು. ಇಂದು ಅದು ಮಗ್ಗ ನಡೆಸುವ ಕೈಗೂ ಬಂದಿದೆ. ಇನ್ನೂ ನಮ್ಮ ಕಥೆಯನ್ನು ಪರರೇ ಹೇಳಲೆಂದು ಬಿಟ್ಟರೆ ಆ ತಪ್ಪು ದೊರೆಗಳದಲ್ಲ, ನಮ್ಮದು.