ಒಂದೇ ಬಾರಿ ಎಂಬ ಮೂರನೆಯ ಸ್ಥಿತಿ

ವಿದ್ಯುತ್ತು ಬಂದೊಡನೆ ಕೊಳವೆ ಬಾವಿಯ ಮೋಟಾರನ್ನು ತಾನೇ ನಡೆಸುವ ಆಟೋ ಸ್ಟಾರ್ಟರು ತಿಪಟೂರು, ತುರುವೇಕೆರೆ ಸೀಮೆಯ ತೆಂಗಿನ ತೋಟದವರಿಗೆ ಪರಿಚಿತವೇ. ಗಣಕಯಂತ್ರದ ಕ್ರಮವಿಧಿಯೂ ಹೀಗೆಯೇ ಘಟನೆಗಳಿಗಾಗಿ ಕಾದು ಕುಳಿತಿರುತ್ತದೆ. ಗಡಿಯಾರ, ಕೀಲಿಮಣೆ, ಜಾಲ ಇವು ಆ ಘಟನೆಗಳ ಮೂಲಗಳು. ಬೇಡವಾದಾಗ ಮೂಲವನ್ನು ಕಿತ್ತೆಸೆಯಬೇಕಿಲ್ಲ, ಸುಮ್ಮನಿರಿಸಿದರೆ ಸಾಕು. ಲಿನಕ್ಸಿನ ಸಿಸ್ಟಮ್‌ಡಿ ತಂತ್ರಾಂಶದಲ್ಲಿ ಇದಕ್ಕೆ ಮೂರು ಸ್ಥಿತಿಗಳುಂಟು: ಸದಾ ಎಚ್ಚರ, ಮೌನ, ಒಂದೇ ಬಾರಿ. ಅಲ್ಲಿ ಕಾಲಸೂಚಕವು ಹುಟ್ಟುವಾಗಲೇ ಮೂರನೆಯ ಸ್ಥಿತಿಯಲ್ಲಿರುತ್ತದೆ. ಒಮ್ಮೆ ಕರೆದು ತಾನೇ ಮೌನವಾಗುತ್ತದೆ. ಇದೇ ವಿವೇಕದ ಕ್ರಮವೆಂದು ನನ್ನ ಮತ. ಸಾಮಾನ್ಯ ಸ್ಟಾರ್ಟರಿಗಾದರೋ ಎರಡೇ ಸ್ಥಿತಿ. ‘ಆಟೋ’ದಲ್ಲಿ ಬಿಟ್ಟು ಮಲಗಿದರೆ, ನಡುರಾತ್ರಿ ವಿದ್ಯುತ್ತು ಬಂದಾಗಲೆಲ್ಲ ನೀರು ಹರಿದು ವ್ಯರ್ಥವಾಗುವುದು; ಬಾವಿ ಬತ್ತಿದ್ದರೆ ಮೋಟಾರೇ ಸುಟ್ಟೀತು. ತಯಾರಕರು ‘ಒಂದೇ ಬಾರಿ’ಯನ್ನೇ ಮೊದಲ ಸ್ಥಿತಿಯಾಗಿಡಲಿ, ‘ಸದಾ’ ಬೇಕೆಂಬವರು ಗುಂಡಿಯೊತ್ತಿ ಕೇಳಿಕೊಳ್ಳಲಿ.