ಗುಂಪಿಗೆ ಇಡುವ ಹೆಸರು

2024ರ ಆಗಸ್ಟ್ 20ರ ಬೆಳಿಗ್ಗೆ ಮುಂಬೈ ಬಳಿಯ ಬದ್ಲಾಪುರ ರೈಲು ನಿಲ್ದಾಣದಲ್ಲಿ ಜನ ಹಳಿಗಿಳಿದರು. ಶಾಲೆಯಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿತ್ತು. ದೂರು ದಾಖಲಿಸಲು ಪೊಲೀಸರು ತಡಮಾಡಿದ್ದರೆಂಬ ಸಿಟ್ಟು ಊರಿಗೆ ಊರನ್ನೇ ಹಿಡಿದಿತ್ತು. ಕರ್ಜತ್ ಕಡೆಯ ಲೋಕಲ್‌ಗಳು ಸಂಜೆಯವರೆಗೂ ಓಡಲಿಲ್ಲ. ಕಲ್ಲು ತೂರಾಟವಾಯಿತು, ಪೊಲೀಸರು ಲಾಠಿ ಬೀಸಿದರು. ಎರಡು ದಿನಗಳಲ್ಲಿ ಬಾಂಬೆ ಹೈಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡು ಆ ವಿಳಂಬವನ್ನೇ ಪ್ರಶ್ನಿಸಿತು.

ಇಂಥ ದಿನವನ್ನು ವರದಿ ಮಾಡುವವರಿಗೆ ಇಂಗ್ಲಿಷಿನಲ್ಲಿ ಪದಗಳಿಗೆ ಬರವಿಲ್ಲ: ಪ್ರೊಟೆಸ್ಟ್, ಅಜಿಟೇಷನ್, ಅನ್‌ರೆಸ್ಟ್, ರಯಟ್, ಮಾಬ್. ಕನ್ನಡದ ಸುದ್ದಿಮನೆಯಲ್ಲಿ ಇವೆಲ್ಲ ಅವಸರದಲ್ಲಿ ‘ಗಲಭೆ’ಯಾಗಿಬಿಡುತ್ತವೆ. ಇದು ಅನ್ಯಾಯ.

ಪ್ರೊಟೆಸ್ಟ್‌ನ ಲ್ಯಾಟಿನ್ ಬೇರು ಎಲ್ಲರೆದುರು ಸಾಕ್ಷಿ ನುಡಿಯುವುದನ್ನು ಹೇಳುತ್ತದೆ. ಅಜಿಟೇಷನ್ ಅಂದರೆ ಅಲುಗಾಡಿಸುವುದು. 1647ರಲ್ಲಿ ಇಂಗ್ಲೆಂಡಿನ ಸೈನಿಕರು ಬಾಕಿ ಸಂಬಳಕ್ಕಾಗಿ ದನಿಯೆತ್ತಲು ತಮ್ಮೊಳಗಿಂದ ಆರಿಸಿದ ಪ್ರತಿನಿಧಿಗಳನ್ನು ‘ಅಜಿಟೇಟರ್’ ಎಂದೇ ಕರೆಯುತ್ತಿದ್ದರು. ಅದು ಬೈಗುಳವಾದದ್ದು ಆಮೇಲೆ. ಮಾಬ್ ಹುಟ್ಟಿದ್ದೇ ತಾತ್ಸಾರದಲ್ಲಿ. ಚಂಚಲ ಜನಜಂಗುಳಿ ಎಂಬರ್ಥದ ‘ಮೊಬಿಲೆ ವಲ್ಗಸ್’ ಎಂಬ ಲ್ಯಾಟಿನ್ ಮಾತಿನ ತುಂಡು ಅದು. ಅನ್‌ರೆಸ್ಟ್ ಇನ್ನೂ ಅಪಾಯಕಾರಿ: ನೆಮ್ಮದಿ ಕೆಟ್ಟಿದೆ ಎನ್ನುತ್ತದೆ, ಕೆಡಿಸಿದವರು ಯಾರೆಂದು ಹೇಳುವುದಿಲ್ಲ.

ರಯಟ್, ಅಂದರೆ ದೊಂಬಿ, ಬರೀ ಬಣ್ಣನೆಯಲ್ಲ, ಆರೋಪ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 191ನೇ ಕಲಮಿನಂತೆ, ಐದು ಅಥವಾ ಹೆಚ್ಚು ಮಂದಿಯ ಅಕ್ರಮಕೂಟದಲ್ಲಿ ಆ ಕೂಟದ ಉದ್ದೇಶಕ್ಕಾಗಿ ಒಬ್ಬ ಬಲ ಪ್ರಯೋಗಿಸಿದರೂ ಕೂಟದ ಪ್ರತಿಯೊಬ್ಬರೂ ದೊಂಬಿಯ ಅಪರಾಧಿಗಳು. ಕಲ್ಲೆಸೆದವನನ್ನೂ ಫಲಕ ಹಿಡಿದು ನಿಂತ ತಾಯಿಯನ್ನೂ ಒಂದೇ ಪದದಲ್ಲಿ ಕಟ್ಟುವ ಮುನ್ನ ಪತ್ರಿಕೆ ನಿಂತು ಯೋಚಿಸಬೇಕು.

ಕಲ್ಲನ್ನು ಮುಚ್ಚಿಡಬೇಕೆಂದಲ್ಲ. 2015ರ ಜನವರಿ 2ರಂದು ಲೋಕಲ್‌ಗಳು ಕೆಟ್ಟು ನಿಂತಾಗ ದಿವಾ ನಿಲ್ದಾಣದಲ್ಲಿ ಪ್ರಯಾಣಿಕರು ವಾಹನಗಳಿಗೆ ಬೆಂಕಿ ಹಚ್ಚಿದರು. ಅದನ್ನು ಹಿಂಸೆ ಎಂದೇ ಬರೆಯಬೇಕು. ಆದರೆ ಡೊಂಬಿವಲಿಯಿಂದ ತುಂಬಿ ಬರುವ ಗಾಡಿಗೆ ದಿವಾದಲ್ಲಿ ಹತ್ತುವುದು ಎಂಥ ಪಾಡು ಎಂಬುದೂ ಅದೇ ಸುದ್ದಿಯ ಭಾಗ. ಫಾಸ್ಟ್ ಲೋಕಲ್‌ಗಳು ದಿವಾದಲ್ಲಿ ನಿಲ್ಲತೊಡಗಿದ್ದು 2016ರ ಡಿಸೆಂಬರ್‌ನಲ್ಲಿ.

ನವಿ ಮುಂಬೈಯದು ಹಳೆಯ ಕಥೆ. ಆ ನಗರವನ್ನು ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೊಗೆ ಹೋದ ಜಮೀನಿಗೆ ನ್ಯಾಯ ಕೇಳಿ ದಿ. ಬಾ. ಪಾಟೀಲರ ಮುಂದಾಳ್ತನದಲ್ಲಿ ಬೀದಿಗಿಳಿದ ಉರಣ್ ಭಾಗದ ರೈತರ ಮೇಲೆ 1984ರ ಜನವರಿಯಲ್ಲಿ ಪೊಲೀಸರು ಗುಂಡು ಹಾರಿಸಿದರು. ಐವರು ಸತ್ತರು. ಅಭಿವೃದ್ಧಿಪಡಿಸಿದ ಭೂಮಿಯಲ್ಲಿ ಶೇ 12.5ರಷ್ಟನ್ನು ಭೂಮಿ ಕಳೆದುಕೊಂಡವರಿಗೆ ಮರಳಿಸುವ ಯೋಜನೆಯ ಹಿಂದೆ ಆ ಹೋರಾಟವಿದೆ. ಅಲ್ಲಿನವರು ಆ ಐವರನ್ನು ಹುತಾತ್ಮರೆನ್ನುತ್ತಾರೆ. ಅದೇ ನೆನಪಿನ ಬಲದಲ್ಲಿ, ನವಿ ಮುಂಬೈ ವಿಮಾನ ನಿಲ್ದಾಣಕ್ಕೆ ಪಾಟೀಲರ ಹೆಸರಿಡಿ ಎಂದು 2021ರ ಜೂನ್ 24ರಂದು ಬೇಲಾಪುರದ ಸಿಡ್ಕೊ ಭವನಕ್ಕೆ ಘೇರಾವ್ ಹಾಕಲು ಸಾವಿರಾರು ಜನ ಬಂದರು.

ಘೇರಾವ್, ಧರಣಿ, ಬಂದ್, ಹರತಾಳಗಳನ್ನು ಇಂಗ್ಲಿಷ್ ನಿಘಂಟುಗಳೇ ಎರವಲು ಪಡೆದಿವೆ. ಸುತ್ತುವರಿದರು, ಕೂತರು, ಮುಚ್ಚಿಸಿದರು ಎಂದು ಮಾಡಿದ ಕೆಲಸವನ್ನೇ ನೇರ ಹೇಳುವ ಪದಗಳಿವು. ರೈಲು ರೋಕೋ ಕೂಡ ಅಂಥದ್ದೇ. ಕನ್ನಡ ಪತ್ರಿಕೆಗಳು ಇವನ್ನು ಬಿಟ್ಟು ‘ಉದ್ರಿಕ್ತ ಗುಂಪು’ ಎಂಬ ಸಿದ್ಧ ಮಾತಿಗೆ ಕೈಚಾಚುವುದನ್ನು ನಿಲ್ಲಿಸಲಿ. ಗುಂಪು ಏನು ಕೇಳಿತು ಎಂಬುದು ವರದಿಯ ಮೊದಲ ಪ್ಯಾರಾದಲ್ಲೇ ಬರಲಿ.