ಆಫ್‌ರೋಡ್ ಹೋಗದ ಗಾಡಿಯನ್ನೂ ಅನುಮಾನಿಸಿ

ಕೊಚ್ಚಿಯಲ್ಲಿ ಹಳೆಯ ಫೋರ್‌ವೀಲ್ ಡ್ರೈವ್ ಪಿಕಪ್ ಕೊಂಡು ಮಲೆನಾಡಿನ ಮನೆಗೆ ಒಯ್ಯುವ ಆಸೆ ನನ್ನದು. ‘ಆಫ್‌ರೋಡ್ ಹೋಗೇ ಇಲ್ಲ ಸರ್’ ಎನ್ನುವುದು ಇಲ್ಲಿ ಮಾರುವವರ ದೊಡ್ಡ ಹೊಗಳಿಕೆ. ವಲ್ಲಾರ್ಪಾಡಂನಲ್ಲಿ ಹಾಗೆ ಹೊಗಳಿದ್ದ ಗಾಡಿಯೊಂದರಲ್ಲಿ ಫೋರ್-ಲೋ ಗೇರ್ ಬೀಳಲೇ ಇಲ್ಲ. ವರ್ಷಗಟ್ಟಲೆ ಮುಟ್ಟದೆ ಬಿಟ್ಟಿದ್ದರಿಂದಲೇ ಅದು ಹಿಡಿದುಕೊಂಡಿತ್ತು.

ಹಾಗಾಗಿ ಟೆಸ್ಟ್ ಡ್ರೈವ್ ಮಣ್ಣಿನ ನೆಲದಲ್ಲೇ ಆಗಲಿ. ಒಣ ಟಾರು ರಸ್ತೆಯಲ್ಲಿ ಫೋರ್‌ವೀಲ್ ಹಾಕಿ ತಿರುಗಿಸಿದರೆ ಗೇರುಗಳಿಗೆ ಪೆಟ್ಟು.

ಇನ್ನು ನೀರು. ವಲ್ಲಾರ್ಪಾಡಂ ಹಿನ್ನೀರಿನ ದ್ವೀಪ. ಉಪ್ಪುಗಾಳಿ ಚಾಸಿಯನ್ನು ತಿನ್ನುತ್ತದೆ. ಕೆಳಗೆ ಹೊಸ ಕಪ್ಪು ಬಣ್ಣ ಕಂಡರೆ, ಮಾಲೀಕರ ಒಪ್ಪಿಗೆ ಪಡೆದು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. 2018ರ ಆಗಸ್ಟ್ ನೆರೆಗಿಂತ ಹಿಂದಿನ ಗಾಡಿಯಾದರೆ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ, ಕೆಸರಿನ ಗೆರೆ ಇದ್ದೀತು. ಡಿಫರೆನ್ಷಿಯಲ್ ಆಯಿಲ್ ಹಾಲು ಬೆರೆತ ಕಾಫಿಯಂತಿದ್ದರೆ ಒಳಗೆ ನೀರು ಹೋಗಿದೆ ಎಂದೇ ಅರ್ಥ.

ಕೊನೆಗೆ ಕಾಗದ. ಸಾಲ ತೀರಿದೆಯೇ, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆದಿದೆಯೇ ನೋಡಿ. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಕಡ್ಡಾಯ. ಅದಕ್ಕೆ ಇಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ ಬೇಕು. ಕರ್ನಾಟಕದ ತೆರಿಗೆಯನ್ನೂ ಕಟ್ಟಬೇಕು. ಆ ಮೊತ್ತವನ್ನು ಗಾಡಿಯ ಬೆಲೆಗೆ ಮೊದಲೇ ಕೂಡಿಸಿಕೊಳ್ಳಿ. ಅನೇಕ ‘ಅಗ್ಗದ’ ಗಾಡಿಗಳು ಅಲ್ಲೇ ದುಬಾರಿಯಾಗುತ್ತವೆ.

ನಾನು ಆ ಗಾಡಿಯನ್ನು ಬಿಟ್ಟು ಬಂದೆ. ಜುಲೈ ಮಳೆಯಲ್ಲಿ ತೋಟದ ಏರಿನಲ್ಲಿ ಸಿಕ್ಕಿಕೊಂಡರೆ, ಹೊಳೆಯುವ ಬಾನೆಟ್ ಎಳೆದು ಮೇಲೆ ಹತ್ತಿಸುವುದಿಲ್ಲ.